ಲಿಫ್ಟ್ ಮೆಕ್ಯಾನಿಕ್ಕನ ನಗರತ್ಯಾಗ

ಸಂಜೆ ಮನೆಗೆ ಬಂದು ನಗರಕ್ಕೆ ಶಾಪ ಹಾಕುವುದು ಲಿಫ್ಟ್ ಮೆಕ್ಯಾನಿಕ್ಕನ ನಿತ್ಯವಿಧಿಗಳಲ್ಲಿ ಒಂದು. ಒಂದು ಕಾಲಿನ ಚಪ್ಪಲಿ ಬಿಡುವಾಗ ಟ್ರಾಫಿಕ್ಕು, ಇನ್ನೊಂದು ಕಾಲಿನದು ಬಿಡುವಾಗ ಹೊಗೆ, ಮುಖ ತೊಳೆಯುವಾಗ ನೀರು. ಹೀಗೆ ಕ್ರಮವಾಗಿ ಸಾಗಿ, ಟವೆಲ್ಲಿನಿಂದ ಕಿವಿಯ ಹಿಂದೆ ಒರೆಸಿಕೊಳ್ಳುವ ಹೊತ್ತಿಗೆ ಮಾನವೀಯತೆಗೆ ಬಂದು ಮುಟ್ಟುತ್ತಿದ್ದ.

“ಇಲ್ಲಿ ಮನುಷ್ಯರು ಅನ್ನೋರು ಇದ್ದಾರೇನೇ? ಎದುರು ಮನೇಲಿ ಯಾರಿದ್ದಾರೆ ಅಂತ ಹೇಳು ನೋಡೋಣ. ನಾಳೆ ನಾನು ಬಾಗಿಲಲ್ಲಿ ಬಿದ್ದು ಸತ್ರೂ ದಾಟ್ಕೊಂಡು ಹೋಗ್ತಾರೆ, ಯಾರು ಅಂತ ಬಗ್ಗಿ ಕೂಡ ನೋಡಲ್ಲ!”

“ಬಾಗಿಲಲ್ಲಿ ಯಾಕೆ ಬೀಳ್ತೀರಿ? ಒಳಗೆ ಬಂದು ಬೀಳಿ,” ಎನ್ನುತ್ತಿದ್ದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಆಕೆ ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿದು ಕೊಡುವವಳು. ಹುಟ್ಟಿ ಬೆಳೆದದ್ದು ಪುಟ್ಟ ಊರಿನ ತುಂಬಿದ ಮನೆಯಲ್ಲಿ. ಅಲ್ಲಿ ಒಂದು ಸಲ ಸೀನಿದರೆ ಮೂರು ಬೀದಿಯಾಚೆಯಿಂದ ಕಷಾಯ ಬರುತ್ತಿತ್ತಂತೆ, ಕಷಾಯದ ಜೊತೆಗೆ ಬುದ್ಧಿಮಾತೂ ಬರುತ್ತಿತ್ತಂತೆ. ಮದುವೆಯಾಗಿ ಈ ಮಹಾನಗರಕ್ಕೆ ಬಂದ ಮೊದಲ ದಿನ ಬಾಗಿಲು ಹಾಕಿ ಚಿಲಕ ಎಳೆದವಳು, ಯಾರೂ ಬಂದು ತಟ್ಟಲಿಲ್ಲವಲ್ಲ ಎಂದು ಸಂತೋಷದಿಂದ ಅತ್ತೇಬಿಟ್ಟಿದ್ದಳು. (ಹೊಸ ಮದುಮಗಳಿಗೆ ತವರಿನ ನೆನಪಾಗಿದೆಯೆಂದು ತಿಳಿದು ಮೆಕ್ಯಾನಿಕ್ ಆಗ ಸಮಾಧಾನ ಬೇರೆ ಹೇಳಿದ್ದ.)

“ನಂಗೆ ಈ ಊರು ಸ್ವರ್ಗ ಕಣ್ರೀ,” ಎನ್ನುತ್ತಿದ್ದಳು. “ಏನ್ ಅಡುಗೆ ಅಂತ ಯಾರೂ ಕೇಳಲ್ಲ. ಯಾಕೆ ದಪ್ಪ ಆದೆ ಅಂತ ಕೇಳಲ್ಲ. ಗಂಡನಿಗೆ ಯಾಕೆ ಬೈತಿದ್ದೆ ಅಂತಾನೂ ಕೇಳಲ್ಲ.”

“ಕೇಳಬೇಕು ಕಣೇ! ಕೇಳೋರು ಇರಬೇಕು!”

ಈ ವಾದ ವರ್ಷಗಟ್ಟಲೆ ನಡೆದಿತ್ತು. ಅದಕ್ಕೆ ಒಂದು ಕೊನೆ ಕಾಣಿಸಬೇಕೆಂದು ಮೆಕ್ಯಾನಿಕ್ ತನ್ನ ಅಣ್ಣನನ್ನು ಕರೆಸಿಕೊಂಡ. ಅಣ್ಣ ಸಣ್ಣ ಊರೊಂದರಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದು ನಿವೃತ್ತನಾದವನು, ಒಂಟಿ ಜೀವ, ಮದುವೆಯ ತಂಟೆಗೆ ಹೋದವನಲ್ಲ. ಅವನದು ದೊಡ್ಡ ಮನೆ, ಮೇಲಿನ ಭಾಗ ಪೂರ್ತಿ ಖಾಲಿ. “ನೀವಿಬ್ಬರೂ ಬಂದು ಇರಿ, ಇಲ್ಲವೆಂದರೆ ಖಂಡಿತವಾಗಿ ಹೇಳಿ, ಬಾಡಿಗೆಗೆ ಕೊಡುತ್ತೇನೆ” ಎಂದು ಅವನು ಅಂದಿದ್ದ. ಸಣ್ಣ ಊರಿನ ಮಹಿಮೆಯನ್ನು ಅಣ್ಣನ ಬಾಯಿಂದಲೇ ಹೆಂಡತಿಗೆ ಕೇಳಿಸಿ, ಅವಳು ಹೂಂ ಅಂದಕೂಡಲೇ ನಗರಕ್ಕೆ ಬೆನ್ನು ತಿರುಗಿಸುವುದು ಮೆಕ್ಯಾನಿಕ್ಕನ ಯೋಜನೆ. ಹೆಂಡತಿ ಬಾವನಿಗೆ ಎದುರು ಮಾತಾಡುವವಳಲ್ಲ ಎಂಬುದೂ ಆ ಯೋಜನೆಯೊಳಗೆ ಸೇರಿತ್ತು.

ಅಣ್ಣನನ್ನು ಕರೆತರಲು ಗಂಡ ಹೆಂಡತಿ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋಗಿದ್ದರು. ಕಟ್ಟಡದ ಬಾಗಿಲವರೆಗೆ ಎಲ್ಲವೂ ಸುಸೂತ್ರ. ಲಿಫ್ಟಿನೊಳಗೆ ಕಾಲಿಟ್ಟ ಮೆಕ್ಯಾನಿಕ್ ಗುಂಡಿ ಒತ್ತಿ, “ಇದು ನನ್ನ ಕೈಯಲ್ಲಿ ಇರೋ ಲಿಫ್ಟೇ ಅಣ್ಣ. ಇವತ್ತು ಬೆಳಿಗ್ಗೆ ತಾನೇ ಸರ್ವೀಸ್ ಮಾಡಿದ್ದೀನಿ,” ಎಂದ.

ಲಿಫ್ಟು ಎರಡು ಮಹಡಿ ಏರಿತು, ಮೂರನೆಯದಕ್ಕೆ ಸ್ವಲ್ಪ ಮೊದಲು ಯಾರೋ ಕರೆದಂತೆ ನಿಂತಿತು. ಆಮೇಲೆ ಅಲುಗಾಡಲಿಲ್ಲ.

ಮೆಕ್ಯಾನಿಕ್ ಎಲ್ಲ ಗುಂಡಿಗಳನ್ನೂ ಒತ್ತಿದ. ಬಾಗಿಲಿಗೆ ಒಂದು ಗುದ್ದು ಕೊಟ್ಟ. ಲಿಫ್ಟ್ ಕೆಟ್ಟರೆ ಮೇಲೆ ತಾರಸಿಯ ಯಂತ್ರದ ಕೋಣೆಗೆ ಹೋಗಿ ಕೈಯಿಂದ ಚಕ್ರ ತಿರುಗಿಸಿ ಇಳಿಸಬೇಕು. ಆ ಕೋಣೆಯ ಬೀಗದ ಕೈ ಇರುವುದು ಮೆಕ್ಯಾನಿಕ್ಕನ ಹತ್ತಿರ. ಮೆಕ್ಯಾನಿಕ್ ಇರುವುದು ಲಿಫ್ಟಿನೊಳಗೆ.

“ಬೆಳಿಗ್ಗೆ ತಾನೇ ಸರ್ವೀಸ್ ಮಾಡಿದ್ರಾ?” ಎಂದು ಹೆಂಡತಿ ಕೇಳಿದಳು, ಬೇರೇನೂ ಕೇಳಲಿಲ್ಲ.

“ಸುಮ್ನಿರೇ! ಅಣ್ಣ, ನೀನು ನೋಡ್ತಾ ಇರು. ಇಲ್ಲಿ ಬೊಬ್ಬೆ ಹೊಡೆದು ಪ್ರಾಣ ಬಿಟ್ರೂ ಒಬ್ಬ ಬರಲ್ಲ. ಇದೇ ನಾನು ಹೇಳ್ತಿದ್ದಿದ್ದು!”

ಬೊಬ್ಬೆ ಹೊಡೆಯುವ ಅಗತ್ಯವೇ ಬೀಳಲಿಲ್ಲ. ಗುದ್ದಿನ ಸದ್ದಿಗೆ ಮಹಡಿಯ ಬಾಗಿಲುಗಳು ತೆರೆದವು, ಚಪ್ಪಲಿಗಳ ಸದ್ದಾಯಿತು. “ಯಾರೋ ಸಿಕ್ಕಿಹಾಕ್ಕೊಂಡಿದ್ದಾರೆ ಪಾಪ!” ಎಂದಿತು ಒಂದು ಹೆಣ್ಣು ದನಿ. ಎದುರು ಮನೆಯ ದಪ್ಪ ಕನ್ನಡಕದಾಕೆ. “ಹೆದರ್ಬೇಡಿ! ಮೆಕ್ಯಾನಿಕ್ ನಂಬರ್ ಇಲ್ಲೇ ಗೋಡೆ ಮೇಲಿದೆ, ಈಗಲೇ ಮಾಡ್ತೀನಿ!” ಎಂದಿತು ಕೆಮ್ಮುವ ಗಂಡು ದನಿಯೊಂದು. ಮೇಲಿನ ಮನೆಯ ಕೆಮ್ಮಿನ ಯಜಮಾನರು. (ಹೆಸರು ಗೊತ್ತಿಲ್ಲದ ನೆರೆಯವರಿಗೆಲ್ಲ ಮೆಕ್ಯಾನಿಕ್ ಹೀಗೆ ಸ್ವಂತ ನಾಮಕರಣ ಮಾಡಿದ್ದ.)

ಮೆಕ್ಯಾನಿಕ್ಕನ ಜೇಬಿನಲ್ಲಿ ಫೋನು ರಿಂಗಾಯಿತು.

ಇಲ್ಲಿ ಅವನು “ನಾನೇ ಒಳಗಿದ್ದೀನಿ” ಎನ್ನಬೇಕಿತ್ತು. ಅಷ್ಟು ಸುಲಭದ ಮಾತು. ಆದರೆ ಎಷ್ಟೋ ವರ್ಷದಿಂದ ಕೆಟ್ಟ ಲಿಫ್ಟುಗಳ ಕರೆಗಳಿಗೆ ಒಂದೇ ಉತ್ತರ ಕೊಟ್ಟು ಪಳಗಿದ ನಾಲಿಗೆ. ಫೋನು ಕಿವಿಗೆ ತಾಗಿತೋ ಇಲ್ಲವೋ, ನಾಲಿಗೆ ತನ್ನ ಪಾಡಿಗೆ ತಾನು ಹೊರಟೇಬಿಟ್ಟಿತು.

“ಹಲೋ, ಹೇಳಿ ಸಾರ್! ಹೊರಟಾಯ್ತು ಸಾರ್, ದಾರೀಲೇ ಇದೀನಿ! ಭಯಂಕರ ಟ್ರಾಫಿಕ್ ಸಾರ್, ಒಂದಿಂಚೂ ಮುಂದೆ ಹೋಗ್ತಿಲ್ಲ. ಹತ್ತೇ ನಿಮಿಷ!”

ಲಿಫ್ಟಿನೊಳಗೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದಳು. ಅಣ್ಣ ತಮ್ಮನನ್ನೇ ನೋಡುತ್ತ ನಿಂತ.

“ಅಲ್ರೀ,” ಎಂದರು ಕೆಮ್ಮಿನ ಯಜಮಾನರು, ಒಮ್ಮೆ ಫೋನಿನಲ್ಲಿ, ಒಮ್ಮೆ ಬಾಗಿಲಿನ ಸಂದಿಯಲ್ಲಿ. “ನಿಮ್ಮ ದನಿ ಲಿಫ್ಟ್ ಒಳಗಿಂದ ಬರ್ತಾ ಇದೆಯಲ್ಲ?”

ಮುಂದಿನದನ್ನು ವಿಸ್ತರಿಸಿದರೆ ಮೆಕ್ಯಾನಿಕ್ಕನ ಮನಸ್ಸಿಗೆ ನೋವಾದೀತು. ಬೀಗದ ಕೈ ಬಾಗಿಲ ಸಂದಿಯಿಂದ ಹೊರಗೆ ಹೋಯಿತು. ಅವನು ಫೋನಿನಲ್ಲಿ ಹೇಳಿಕೊಟ್ಟಂತೆ ಕನ್ನಡಕದಾಕೆ ತಾರಸಿಯ ಮೇಲೆ ಚಕ್ರ ತಿರುಗಿಸಿದಳು, ಕೆಮ್ಮಿನ ಯಜಮಾನರು ಬ್ರೇಕು ಹಿಡಿದು ಕೆಮ್ಮಿದರು, ಪ್ರತಿ ಕೆಮ್ಮಿಗೂ ಲಿಫ್ಟು ಗಡಗಡ ನಡುಗಿತು. ಅಂತೂ ಬಾಗಿಲು ತೆರೆಯಿತು. ಮೂವರೂ ಹೊರಬಂದರು. ಯಾರೋ ನೀರು ಕೊಟ್ಟರು. “ಏನೂ ಆಗಿಲ್ಲ ತಾನೆ? ಸರಿ ಹಾಗಾದ್ರೆ,” ಎಂದು ಎಲ್ಲರೂ ತಮ್ಮ ತಮ್ಮ ಮನೆ ಸೇರಿ ಬಾಗಿಲು ಹಾಕಿಕೊಂಡರು.

ಅಣ್ಣ ಮಾತ್ರ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದ. “ಅಷ್ಟೇನಾ?” ಎಂದ.

“ಅಷ್ಟೇ! ನೋಡಿದ್ಯಾ ಇಲ್ಲಿಯ ಜನಾನ?” ಎಂದ ಮೆಕ್ಯಾನಿಕ್, ಗೆದ್ದವನಂತೆ.

“ನಾನು ಯಾರು ಅಂತ ಕೇಳಲಿಲ್ಲ. ಯಾಕೆ ಬಂದೆ ಅಂತ ಕೇಳಲಿಲ್ಲ. ಪಿಂಚಣಿ ಎಷ್ಟು, ಮದುವೆ ಯಾಕಾಗಲಿಲ್ಲ, ಒಂದೂ ಕೇಳಲಿಲ್ಲ ಕಣೋ!” ಅಣ್ಣ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡಿದ. “ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೋಸ್ಟಾಫೀಸಿನ ಮೆಟ್ಟಿಲಲ್ಲಿ ಒಂದ್ಸಲ ಜಾರಿದ್ದೆ. ಆ ಕಾಲು ಈಗ ಹೇಗಿದೆ ಅಂತ ಇವತ್ತಿಗೂ ಊರಿಡೀ ಕೇಳುತ್ತೆ. ಯಾವ ಕಾಲು ಅಂತ ನಂಗೇ ಮರೆತುಹೋಗಿದೆ! ಇವರು ಕಷ್ಟಕ್ಕೆ ಬಂದ್ರು, ಬಾಗಿಲು ಹಾಕ್ಕೊಂಡ್ರು. ಇದಕ್ಕಿಂತ ಇನ್ನೇನು ಬೇಕಪ್ಪಾ?”

ಊಟಕ್ಕೆ ಕೂತಾಗ ಅಣ್ಣ ತನ್ನ ನಿರ್ಧಾರ ಪ್ರಕಟಿಸಿದ. “ನಿನಗೆ ಆ ಊರು ಬೇಕು, ನನಗೆ ಈ ಊರು ಬೇಕು. ಮೇಲಿನ ಭಾಗ ಯಾಕೆ, ಇಡೀ ಮನೆ ನೀವೇ ತಗೊಳ್ಳಿ. ನಾನು ಇಲ್ಲಿರ್ತೀನಿ. ನೀವು ಹೊರಡೋವರೆಗೆ ನಿಮ್ಮ ಜೊತೆಗೇ ಇರ್ತೀನಿ, ಅಷ್ಟೇ ತಾನೆ!”

ಮೆಕ್ಯಾನಿಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಕೇಳಿದ್ದು ಅರ್ಧ ಮನೆ, ಸಿಕ್ಕಿದ್ದು ಪೂರ್ತಿ. ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾವನ ತಟ್ಟೆಗೆ ಬಡಿಸುತ್ತ ಮೆಲ್ಲಗೆ ಕೇಳಿದಳು:

“ಬಾವ, ನಿಮ್ಮೂರಲ್ಲಿ ಲಿಫ್ಟ್ ಎಷ್ಟಿವೆ?”

“ಲಿಫ್ಟಾ?” ಅಣ್ಣ ಯೋಚಿಸಿದ. “ನಮ್ಮಲ್ಲಿ ಎತ್ತರ ಅಂದ್ರೆ ನೀರಿನ ಟ್ಯಾಂಕ್ ಒಂದೇ ಅಮ್ಮ. ಅದಕ್ಕೆ ಏಣಿ ಇದೆ.”

ಮೆಕ್ಯಾನಿಕ್ಕನ ಬಾಯಲ್ಲಿದ್ದ ತುತ್ತು ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು. ನಗರವನ್ನು ಇಷ್ಟು ವರ್ಷ ಎಲ್ಲ ದಿಕ್ಕಿನಿಂದ ಬೈದವನಿಗೆ ಈ ದಿಕ್ಕು ಹೊಳೆದೇ ಇರಲಿಲ್ಲ. ಆದರೆ ಆಡಿದ ಮಾತು ನುಂಗುವುದಕ್ಕಾಗುತ್ತದೆಯೇ? “ಮುಂದಿನ ತಿಂಗಳು ಹೋಗೋಣ” ಎಂದ. ಮುಂದಿನ ತಿಂಗಳು ಬಂದಾಗ ಅದರ ಮುಂದಿನದು ಎಂದ.

ಅಷ್ಟರಲ್ಲಿ ಅಣ್ಣ ಬೇರು ಬಿಟ್ಟಿದ್ದ. ತನ್ನನ್ನು ಯಾರೂ ಏನೂ ಕೇಳಬಾರದು ಎಂಬುದು ಅವನ ಆಸೆಯೇ ಹೊರತು, ತಾನು ಬೇರೆಯವರನ್ನು ಕೇಳಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೆಳಗಾದರೆ ಮುಂಬಾಗಿಲು ಪೂರ್ತಿ ತೆರೆದಿಟ್ಟು, ಎದುರಿಗೊಂದು ಕುರ್ಚಿ ಹಾಕಿ, ಹೋಗುವವರು ಬರುವವರ ಯೋಗಕ್ಷೇಮ ವಿಚಾರಿಸತೊಡಗಿದ. ಒಂದು ಊರಿನ ಕಾಗದಪತ್ರವನ್ನೆಲ್ಲ ವಿಲೇವಾರಿ ಮಾಡಿದ ಮನುಷ್ಯನಿಗೆ ಒಂದು ಕಟ್ಟಡ ಯಾವ ಲೆಕ್ಕ! ಕನ್ನಡಕದಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳೆಂದೂ, ಕೆಮ್ಮಿನ ಯಜಮಾನರ ಕೆಮ್ಮು ಔಷಧಿಗಿಂತ ಹಳೆಯದೆಂದೂ ಅವನಿಗೆ ತಿಳಿಯಿತು. ಅವರೂ ಬಂದು ಕೂರತೊಡಗಿದರು. ದಿನವೂ ಸಂಜೆ ಒಡ್ಡೋಲಗ, ಟೀ ಸಮಾರಾಧನೆ. ಹೆಂಡತಿ ಮೊದಮೊದಲು ಚಿಲಕದ ಕಡೆ ಆಸೆಯಿಂದ ನೋಡಿದಳು. ಆದರೆ ಒಡ್ಡೋಲಗಕ್ಕೆ ಬಂದವರ ಮನೆಗಳಿಗೆಲ್ಲ ಬಾವನ ಶಿಫಾರಸಿನ ಮೇರೆಗೆ ಹೊಸ ಪರದೆ ಬೇಕಾದಾಗ, ತೆರೆದ ಬಾಗಿಲಿನ ಬಗ್ಗೆ ಅವಳ ಅಭಿಪ್ರಾಯವೂ ಮೆತ್ತಗಾಯಿತು.

ಕೆಟ್ಟದ್ದು ಮೆಕ್ಯಾನಿಕ್ಕನೊಬ್ಬನ ಗತಿ. ಕೇಳುವವರು ಬೇಕು ಎನ್ನುತ್ತಿದ್ದನಲ್ಲ, ಈಗ ಮೆಟ್ಟಿಲು ಮೆಟ್ಟಿಲಿಗೂ ಕೇಳುವವರು. “ಏನ್ರೀ, ರಾತ್ರಿ ಗೊರಕೆ ಜಾಸ್ತಿಯಂತೆ?” “ಹೆಂಡ್ತಿ ಹತ್ರ ಮತ್ತೆ ಬೈಸ್ಕೊಂಡ್ರಂತೆ?” ಇದನ್ನಾದರೂ ತಡೆದುಕೊಳ್ಳಬಹುದಿತ್ತು. ಅವನು ಸ್ನಾನಕ್ಕೆ ಹೋದಾಗ ಅಣ್ಣ ಅವನ ಫೋನು ಎತ್ತತೊಡಗಿದ. “ಇಲ್ಲಪ್ಪ, ಹೊರಟಿಲ್ಲ. ಈಗಷ್ಟೇ ಎದ್ದ. ಇನ್ನು ತಿಂಡಿ ತಿಂದು, ಪೇಪರ್ ಓದಿ ಬರಬೇಕು. ಟ್ರಾಫಿಕ್ಕಾ? ಅಯ್ಯೋ, ರಸ್ತೆ ಖಾಲಿ ಇದೆ, ನಾನು ಇಲ್ಲಿಂದಲೇ ನೋಡ್ತಿದ್ದೀನಿ!”

ಜೀವಮಾನವೆಲ್ಲ ಅವನನ್ನು ಕಾಪಾಡಿಕೊಂಡು ಬಂದಿದ್ದ ಟ್ರಾಫಿಕ್ಕು ಹೀಗೆ ಒಂದೇ ಮಾತಿಗೆ ಕರಗಿಹೋಯಿತು. ಅವನು ಬಾತ್‌ರೂಮಿನಿಂದ ಟವೆಲ್ ಸುತ್ತಿಕೊಂಡೇ ಹೊರಬಂದ.

“ಸಾಕಾಯ್ತು! ಈ ಮನೇಲಿ ಇನ್ನೊಂದು ದಿನ ಇರಲ್ಲ ನಾನು! ಊರಿಗೆ ಹೋಗೋಣ, ಕಟ್ಟೇ ಗಂಟುಮೂಟೆ!” ಎಂದು ಹೆಂಡತಿಯ ಮೇಲೆ ಕೂಗಾಡಿದ.

“ಆಯ್ತು,” ಎಂದಳು ಅವಳು.

ತಿಂಡಿ ತಿನ್ನದೆ ಕೆಲಸಕ್ಕೆ ಹೋದವನನ್ನು ಆ ‘ಆಯ್ತು’ ದಿನವಿಡೀ ಕಾಡಿತು. ಅವಳು ಯಾವತ್ತೂ ಒಂದೇ ಮಾತಿಗೆ ಒಪ್ಪಿದವಳಲ್ಲ. ಇಪ್ಪತ್ತು ಮಹಡಿಯ ಆಫೀಸು ಕಟ್ಟಡವೊಂದರ ತುದಿಯಲ್ಲಿ ಕೂತು, ಊರುದ್ದಕ್ಕೂ ಎದ್ದು ನಿಂತ ಕಟ್ಟಡಗಳನ್ನು ನೋಡಿದ. ಪ್ರತಿಯೊಂದರ ಹೊಟ್ಟೆಯಲ್ಲೂ ಒಂದೊಂದು ಲಿಫ್ಟು, ಪ್ರತಿಯೊಂದೂ ಇಂದಲ್ಲ ನಾಳೆ ಕೆಡಲೇಬೇಕು.

ಸಂಜೆ ಮನೆಗೆ ಬಂದ. ಒಡ್ಡೋಲಗ ಭರ್ತಿಯಾಗಿತ್ತು. ಬಾಗಿಲ ಬಳಿ ಬಿಗಿದು ಕಟ್ಟಿದ ಎರಡು ದೊಡ್ಡ ಗಂಟುಗಳು. ಹೆಂಡತಿ ಹೊರಗೆ ಹೋಗುವ ಸೀರೆಯುಟ್ಟು, ತಲೆ ಬಾಚಿ, ಒಂದು ಗಂಟನ್ನು ಆಗಲೇ ಕೈಗೆತ್ತಿಕೊಂಡಿದ್ದಳು.

“ಬಂದ್ರಾ? ಒಳ್ಳೇದಾಯ್ತು. ಇನ್ನೊಂದು ಗಂಟು ನೀವು ತಗೊಳ್ಳಿ, ನಡೀರಿ,” ಎಂದಳು.

ಮೆಕ್ಯಾನಿಕ್ ಚಪ್ಪಲಿ ಕೂಡ ಬಿಡದೆ ಅವಳ ಗಂಟು ಹಿಡಿದೆಳೆದ.

“ಬೇಡ ಕಣೇ! ಸಿಟ್ಟಲ್ಲಿ ಏನೋ ಅಂದೆ! ಅಲ್ಲಿಗೆ ಹೋಗಿ ನಾನೇನು ಏಣಿ ರಿಪೇರಿ ಮಾಡ್ಲಾ? ಇದು ನಮ್ಮೂರು ಕಣೇ! ಹೊಗೆ ಇದ್ರೆ ಇರಲಿ, ಹೊಗೆ ಕುಡಿದೇ ಬೆಳೆದಿದ್ದೀನಿ. ಇಷ್ಟು ದೊಡ್ಡ ಊರು, ಇಷ್ಟೆತ್ತರದ ಮನೆಗಳು, ಎಲ್ಲ ಬಿಟ್ಟು ಯಾವನಾದ್ರೂ ಹೋಗ್ತಾನಾ? ನಿನ್ನಾಣೆಗೂ ನಾನು ಬರಲ್ಲ. ಇಲ್ಲೇ ಇರ್ತೀನಿ, ಸಾಯೋವರೆಗೂ ಇಲ್ಲೇ!”

ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಹೆಂಡತಿ ಅವನನ್ನೂ ಗಂಟನ್ನೂ ಒಮ್ಮೆ ನೋಡಿದಳು.

“ಪರದೆ ಕಣ್ರೀ,” ಎಂದಳು. “ಮೇಲಿನ ಮನೆಯವರದ್ದು. ಲಿಫ್ಟ್ ಕೆಟ್ಟಿದೆ, ಹೊತ್ಕೊಂಡು ಹೋಗಬೇಕಲ್ಲ ಅಂತ ಕಟ್ಟಿಟ್ಟಿದ್ದೆ.”

ಕನ್ನಡಕದಾಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಕೆಮ್ಮಿನ ಯಜಮಾನರು ನಗಲು ಹೋಗಿ ಕೆಮ್ಮಿದರು. ಅಣ್ಣನೊಬ್ಬ ನಗಲಿಲ್ಲ. ಎದ್ದು ಬಂದು ತಮ್ಮನ ಬೆನ್ನು ತಟ್ಟಿದ.

“ಒಳ್ಳೇದಾಯ್ತು ಕಣೋ, ಬಾಯಿ ಬಿಟ್ಟು ಹೇಳಿದೆ. ನೀವು ಹೋಗ್ತೀರಿ ಅಂತ ಆ ಮನೇನ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಕೇಳೋರು ಕಾಯ್ತಾ ಇದ್ದಾರೆ. ನಾಳೆನೇ ಪೂರ್ತಿ ಬಾಡಿಗೆಗೆ ಕೊಟ್ಟುಬಿಡ್ತೀನಿ.” ಆಮೇಲೆ, ಅಷ್ಟರಲ್ಲೇ ರಿಂಗಾದ ತಮ್ಮನ ಫೋನನ್ನು ಅವನ ಜೇಬಿನಿಂದ ತಾನೇ ತೆಗೆದುಕೊಂಡು ಕುರ್ಚಿಗೆ ಒರಗಿದ. “ನನಗೇನು, ಇನ್ನು ಇಲ್ಲೇ ಇರ್ತೀನಿ. ಸಾಯೋವರೆಗೂ ಜೊತೆಗಿರೋಣ.”