ಹೊನ್‌ಮಿಂಗನ ತೊಟ್ಟಿಗೆ ಬಂದ ಸಿರಿ

ಚೀನೀ ಹೊಸ ವರ್ಷದ ಹಿಂದಿನ ದಿನ ಬೆಳಗ್ಗೆ ಅತ್ತೆ ಹಬ್ಬಕ್ಕೆ ಶುಭವೆಂದು ಕಿತ್ತಳೆ ಗಿಡದ ಕುಂಡ ಹೊತ್ತು ಬಂದಿಳಿದದ್ದೇ ಹೊನ್‌ಮಿಂಗನ ಗ್ರಹಚಾರಕ್ಕೆ ಮೂಲ. ಹಾಂಗ್‌ಕಾಂಗಿನ ಹತ್ತೊಂಬತ್ತನೇ ಮಹಡಿಯ ಆ ಗೂಡಿನಂಥ ಮನೆಯಲ್ಲಿ ಕುಂಡ ಇಡಲು ಇದ್ದದ್ದು ಒಂದೇ ಜಾಗ. ಅಲ್ಲಿ ಅವನ ಉಪ್ಪುನೀರಿನ ಗಾಜಿನ ತೊಟ್ಟಿ ಕೂತಿತ್ತು. ನಾಲ್ಕು ವರ್ಷ ಮಗುವಿನಂತೆ ಸಾಕಿದ ಹವಳಗಳ ಮೇಲೆಲ್ಲ ಈಗ ಕೂದಲಿನಂಥ ಹಸಿರು ಪಾಚಿ ಹಬ್ಬಿತ್ತು.

"ಅಲ್ಲಪ್ಪಾ, ಚರಂಡೀನ ಮನೇಲಿ ಸಾಕ್ತಿದೀಯಾ? ಸಂಜೆ ಊಟದೊಳಗೆ ಈ ಪಾಚಿ ಹೋಗ್ಬೇಕು. ಇಲ್ಲಾಂದ್ರೆ ತೊಟ್ಟೀನೇ ಹೋಗತ್ತೆ," ಎಂದರು ಅತ್ತೆ.

"ಪಾಚಿ ಹೋಗತ್ತೆ. ತೊಟ್ಟಿ ಮಾತ್ರ ಜಪ್ಪಯ್ಯ ಅಂದ್ರೂ ಕದಲಲ್ಲ!" ಹೊನ್‌ಮಿಂಗ್ ತೋಳೇರಿಸಿ, ಹಲ್ಲುಜ್ಜುವ ಬ್ರಷ್ ಹಿಡಿದು ನೀರಿಗೆ ಕೈ ಹಾಕಿದ.

ಎದುರು ಮನೆಯ ಮೊಕ್ ಆಂಟಿ ಕರೆಯದೇ ಬಂದರು. "ದೀಪ ಆರ್ಸಪ್ಪಾ, ಕತ್ತಲಾದ್ರೆ ಪಾಚಿ ಸಾಯತ್ತೆ," ಎಂದು ತಾವೇ ಸ್ವಿಚ್ ಒತ್ತಿದರು. ಆರಿದ್ದು ದೀಪವಲ್ಲ, ಪಂಪು. ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ನೆಲವೆಲ್ಲ ಸಮುದ್ರವಾಯಿತು. ಒರೆಸಲು ಓಡಿಬಂದ ಹೆಂಡತಿ ಯುಕ್‌ಲಿಂಗ್ ಜಾರಿದಳು, ಅವಳನ್ನು ಎತ್ತಲು ಹೋದ ಆಂಟಿ ಅವಳ ಮೇಲೇ ಬಿದ್ದರು.

ಹೊನ್‌ಮಿಂಗ್ ಜಗ್ಗಲಿಲ್ಲ. ಕಿತ್ತ ಪಾಚಿಯನ್ನೆಲ್ಲ ಅಡುಗೆಮನೆಯ ದೊಡ್ಡ ಬಟ್ಟಲಿಗೆ ಹಾಕುತ್ತಾ ಹೋದ. ಸಂಜೆಗೆ ಹುಡುಕಿದರೂ ಒಂದೆಳೆ ಸಿಗುವಂತಿರಲಿಲ್ಲ.

ಊಟಕ್ಕೆ ಒಣಗಿಸಿದ ಸಿಂಪಿಮಾಂಸದ ಜೊತೆ ಫಾತ್ ಚೋಯ್ ಬಂತು. ಕಪ್ಪು ಕೂದಲಿನಂಥ ಆ ತಿನ್ನುವ ಪಾಚಿಯ ಹೆಸರೂ, 'ಸಿರಿ ಬರಲಿ' ಎಂಬ ಹಾರೈಕೆಯೂ ನಮ್ಮ ಹಾಂಗ್‌ಕಾಂಗಿನವರ ಬಾಯಲ್ಲಿ ಒಂದೇ ಸದ್ದು. ಅದನ್ನು ತಿನ್ನದೆ ನಮಗೆ ವರ್ಷ ಹುಟ್ಟುವುದಿಲ್ಲ.

"ಯುಕ್‌ಲಿಂಗ್ ಬಟ್ಟಲಲ್ಲಿ ನೆನೆಹಾಕಿದ್ಲು, ನಾನು ಸೋಯಾ ಸಾಸ್ ಸುರಿದು ಕಪ್ಪಗೆ ಬೇಯಿಸ್ದೆ. ಎಷ್ಟು ಮೆತ್ತಗಿದೆ!" ಎಂದು ಅತ್ತೆ ಎರಡನೇ ಸಲ ಬಡಿಸಿಕೊಂಡರು.

"ನಾನೆಲ್ಲಿ ನೆನೆಹಾಕ್ದೆ?" ಎಂದಳು ಯುಕ್‌ಲಿಂಗ್.

ಹೊನ್‌ಮಿಂಗ್ ಕಪಾಟು ನೋಡಿದ. ಫಾತ್ ಚೋಯ್ ಪೊಟ್ಟಣ ಒಡೆಯದೆ ಹಾಗೇ ಇತ್ತು. ಅವನ ಚಾಪ್‌ಸ್ಟಿಕ್ ಗಾಳಿಯಲ್ಲೇ ನಿಂತಿತು. ಬಾಯಿ ಮುಚ್ಚಿಕೊಂಡಿರುತ್ತಿದ್ದನೋ ಏನೋ, ಅಷ್ಟರಲ್ಲಿ ಅತ್ತೆ ಅಂದರು: "ಗಾಜೇನೋ ತೊಳೆದೆ. ಆದ್ರೂ ನಾಳೆ ತೊಟ್ಟಿ ಹೊರಗೆ. ಗಿಡಕ್ಕೆ ಜಾಗ ಬೇಕು."

ಕೊಟ್ಟ ಮಾತಿಗೆ ತಪ್ಪಿದರಲ್ಲ ಎಂದು ಹೊನ್‌ಮಿಂಗನ ಮೈ ಉರಿಯಿತು. "ಹಾಕಿ ನೋಡೋಣ! ಇಷ್ಟೊತ್ತು ನೀವು ಚಪ್ಪರಿಸಿದ್ದು ಆ ಚರಂಡಿ ಪಾಚೀನೇ ಅತ್ತೆ!"

ಅತ್ತೆ ತಟ್ಟೆ ನೋಡಿದರು, ತೊಟ್ಟಿ ನೋಡಿದರು. ತಾವು ಬೇಯಿಸಿದ್ದನ್ನು ಕೆಟ್ಟದ್ದು ಎಂದು ಒಪ್ಪಿದ ದಾಖಲೆ ಅವರ ವಂಶದಲ್ಲೇ ಇಲ್ಲ.

"ಅಯ್ಯೋ ದಡ್ಡ! ವರ್ಷದ ಕೊನೇ ದಿನ ಮನೆ ಸಿರೀನ ಬ್ರಷ್ ಹಾಕಿ ಉಜ್ಜಿಬಿಟ್ಯಲ್ಲೋ! ತೊಟ್ಟಿ ಅಲ್ಲೇ ಇರ್ಲಿ. ಇನ್ನೊಂದು ಎಳೆ ಕಿತ್ತೀಯೋ, ಜೋಕೆ! ಮುಂದಿನ ವರ್ಷಕ್ಕೆ ಎರಡು ಬಟ್ಟಲು ಬೇಕು."

"ಪಾಚಿ ಬೆಳೆದ್ರೆ ಹವಳ ಸಾಯತ್ತೆ, ಅತ್ತೆ!"

"ಹವಳ ಬೇಯಿಸೋಕ್ಕಾಗತ್ತಾ?"

ಅಂದಿನಿಂದ ಹೊನ್‌ಮಿಂಗನ ಕುರ್ಚಿಯ ಮೇಲೆ ಕಿತ್ತಳೆ ಕುಂಡ ಕೂತಿತು. ಅವನು ನಿಂತೇ ಉಣ್ಣುತ್ತಾನೆ, ತೊಟ್ಟಿಗೆ ಬೆನ್ನು ಕೊಟ್ಟು. ಬ್ರಷ್ ಅತ್ತೆಯ ಕೈಚೀಲ ಸೇರಿದೆ. ಇನ್ನೊಂದು ಅವನ ಕಾಲುಚೀಲದಲ್ಲಿದೆ.