ಕೆಸುವಿನೆಲೆಯ ಖಟ್ಲೆ

"ಎಲೆ ಸಿಕ್ಕಿದ್ರೆ ಪತ್ರೊಡೆ ಮಾಡ್ಬಹುದಿತ್ತು" ಎಂದು ಶ್ರೀಮತಿ ಅಂದದ್ದೇ ಎಲ್ಲಕ್ಕೂ ಮೂಲ. ಕಾಯಿಲೆಯಿಂದ ಎದ್ದ ಮೇಲೆ ಅವಳು ಒಲೆಯ ಬಳಿ ಸುಳಿದಿರಲಿಲ್ಲ. ಉಡುಪಿ ಬಿಟ್ಟು ದೂರದ ಮರಾಠಿ ಸೀಮೆಯ ವರ್ತಕ ನಗರವೆಂಬ ಬಡಾವಣೆಯಲ್ಲಿ ನೆಲೆಸಿದ ವಿಷ್ಣುಮೂರ್ತಿಯವರಿಗೆ ಹೆಂಡತಿಯ ಆ ಒಂದು ಮಾತಿನಲ್ಲಿ ಕಳೆದುಹೋದ ಮಳೆಗಾಲದ ಆಟಿ ತಿಂಗಳುಗಳೆಲ್ಲ ಹಬೆಯಾಡಿದವು. ಅಕ್ಕಿ ರುಬ್ಬಿ, ಕೆಸುವಿನೆಲೆಗೆ ಬಳಿದು ಬೇಯಿಸಿದ ಪತ್ರೊಡೆಯ ಮೇಲೆ ತೆಂಗಿನೆಣ್ಣೆ ಹನಿಸುವ ಅವಳ ಕೈಯ ಬಳೆಯ ಸದ್ದು ಕೇಳಿಸಿತು.

ಅವರಿದ್ದ ವಸತಿ ಸೊಸೈಟಿಯ ನೀರಿನ ಟ್ಯಾಂಕಿನ ಹಿಂದೆ ಕೆಸು ಆನೆಮರಿಯ ಕಿವಿಯಂತೆ ಅಲುಗುತ್ತಿತ್ತು. ಯಾರಿಗೂ ಕಾಣದಂತೆ ಕೊಡೆಯನ್ನು ಅಡ್ಡ ಹಿಡಿದು ಅವರು ಚೀಲ ತುಂಬಿಸುವಷ್ಟರಲ್ಲಿ ಸೆಕ್ರೆಟರಿ ಜಯೇಶ್ ಭಾಯಿ ಪ್ರತ್ಯಕ್ಷನಾದ.

"ಕಾಕಾ, ಸೊಸೈಟಿ ಕಾ ಮಾಲ್ ಹೈ. ಯೇ ತೋ ಚೋರಿ ಹೈ."

ಚೀಲ ಕಳ್ಳತನದ ಸಾಕ್ಷ್ಯವೆಂದು ಅವನ ಮನೆ ಸೇರಿತು. ಕೆಳಗೆ ಲಾಬಿಯಲ್ಲಿ ಪಂಚಾಯಿತಿ ನೆರೆಯಿತು. ತೀರ್ಪಿಗೆ ಮೂರನೆಯ ಮಹಡಿಯ ಅನುಷ್ಕಾ ಬಂದಳು. ಮೈಸೂರಿನವರ ಮಗಳು, ಮನೆಯಲ್ಲೇ ಕುಳಿತು ಲಂಡನ್ನಿನ ಕಾನೂನು ಪದವಿಗೆ ಓದುತ್ತಿದ್ದವಳು.

"ಇಂಗ್ಲೆಂಡಲ್ಲಿ ಕಳ್ಳತನಕ್ಕೆ ಐದು ಅಂಶ ಬೇಕು ಅಂಕಲ್. ಸ್ವತ್ತಿರಬೇಕು, ಅದು ಬೇರೆಯವರದಾಗಿರಬೇಕು, ನೀವು ಅದನ್ನ ನಿಮ್ಮದು ಮಾಡ್ಕೊಂಡಿರಬೇಕು. ಮೂರೂ ಇರೋ ಹಾಗಿದೆ. ವಾಪಸ್ ಕೊಡೋ ಉದ್ದೇಶ ಇತ್ತಾ?"

"ತಿಂದ ಮೇಲೆ ಹೇಗೆ ಕೊಡುದು ಮಗಾ?"

"ನಾಲ್ಕನೇದೂ ಸಿಕ್ತು. ಮನಸ್ಸಲ್ಲಿ ಅಪ್ರಾಮಾಣಿಕತೆ?"

"ಕೊಡೆ ಅಡ್ಡ ಹಿಡ್ದಿದ್ದೆ."

ಅನುಷ್ಕಾ ಹಣೆ ಒತ್ತಿಕೊಂಡಳು. "ಅದನ್ನ ಯಾಕೆ ಹೇಳಿದ್ರಿ? ಇರಲಿ, ಗಿಡ ನೆಟ್ಟವರು ಯಾರು?"

"ಮಳೆ."

"ಎಲೆ ಮಾರೋದಕ್ಕಾ?"

"ಶ್ರೀಮತಿಗೆ."

"ಹಾಗಾದ್ರೆ ಬಿಡುಗಡೆ. ತಾನಾಗಿ ಬೆಳೆದ ಗಿಡದ ಎಲೆನ ವ್ಯಾಪಾರಕ್ಕಲ್ಲದೆ ಕಿತ್ರೆ ಅದು ಕಳ್ಳತನವೇ ಅಲ್ಲ. ಎಲೆ ಇನ್ನು ನಿಮ್ಮದು."

ತೀರ್ಪು ಕಿವಿಗೆ ಬಿದ್ದದ್ದೇ ತಡ, ನೆರೆದವರೆಲ್ಲ ಒಬ್ಬೊಬ್ಬರಾಗಿ ಟ್ಯಾಂಕಿನ ಹಿಂದಕ್ಕೆ ಜಾರಿದರು. ವಿಷ್ಣುಮೂರ್ತಿ ಇಣುಕಿದಾಗ ಅಲ್ಲಿ ಬರಿಯ ದಂಟುಗಳು ಮಳೆಗೆ ನಿಂತಿದ್ದವು. ಚೀಲ ತರಲು ಹೋದ ಜಯೇಶ್ ಬರಿಗೈಯಲ್ಲಿ ಇಳಿದು ಬಂದ.

"ಬುರಾ ಮತ್ ಮಾನೋ ಕಾಕಾ. ಘರ್‌ವಾಲಿ ನೇ ಪಾತ್ರಾ ಬನಾ ದಿಯಾ. ಕಾಕಿ ಕೋ ಭೀ ಭೇಜಾ ಹೈ."

ಕಡಲೆಹಿಟ್ಟು ಬಳಿದು ಎಲೆಯನ್ನು ಸುತ್ತಿ ಬೇಯಿಸುವ ಗುಜರಾತಿ ತಿಂಡಿ! ಜಯೇಶನ ಹೆಂಡತಿ ಅದನ್ನು ಮಾಡಿ ಶ್ರೀಮತಿಗೂ ಕಳಿಸಿದ್ದಳು. ವಿಷ್ಣುಮೂರ್ತಿ ಅನುಷ್ಕಾಳತ್ತ ತಿರುಗಿದರು. "ಇದು ಕಳ್ಳತನವಾ ಅಲ್ವಾ, ನೀನೇ ಹೇಳು ಮಗಾ."

"ನಿಮ್ಮದಾದ ಎಲೆ, ನಿಮ್ಮನ್ನ ಕೇಳ್ದೆ, ಮರಳಿ ಬಾರದ ಹಾಗೆ ಬೇಯಿಸಿಬಿಟ್ಟಿದ್ದಾರೆ. ಐದಕ್ಕೆ ಐದು, ಅಂಕಲ್."

ದೂರು ಬರೆಸುವ ಹುರುಪಿನಲ್ಲಿ, ಅನುಷ್ಕಾಳನ್ನೂ ಕರೆದುಕೊಂಡು ಅವರು ತಮ್ಮ ಮನೆಯ ಮೆಟ್ಟಿಲೇರಿದರು. ಶ್ರೀಮತಿ ತಟ್ಟೆ ಮುಂದಿಟ್ಟುಕೊಂಡು ಬೆರಳು ಚೀಪುತ್ತಿದ್ದಳು. ಒಂದೇ ಒಂದು ತುಂಡು ಉಳಿದಿತ್ತು.

"ನಮ್ಮ ಎಲೆಯದ್ದೇ ಅಂತೆ, ಕೇಳ್ದೆ ತಕೊಂಡದ್ದಂತೆ, ಹೇಳಿಯೇ ಕೊಟ್ರು. ಎಷ್ಟು ಮೆತ್ತಗಾಗಿದೆ ನೋಡಿ. ಇನ್ನು ಆಟಿಯಲ್ಲಿ ಎಲೆ ಅವರಿಗೇ ಕೊಡಿ. ನಾನ್ಯಾಕೆ ರುಬ್ಬುದು?"

ಅನುಷ್ಕಾ ಮೆಲ್ಲಗೆ ಕೆಮ್ಮಿದಳು. "ಗೊತ್ತಿದ್ದೂ ತಿಂದ್ರಾ ಆಂಟಿ? ಕದ್ದ ಮಾಲನ್ನ ಅರಿತೇ ಇಟ್ಕೊಳ್ಳೋದು ಬೇರೆ ಅಪರಾಧ. ಅಂಕಲ್, ದೂರು ಕೊಟ್ರೆ ಎರಡನೇ ಆರೋಪಿ ಇವರೇ."

ವಿಷ್ಣುಮೂರ್ತಿ ದೂರಿನ ಮಾತು ಕೈಬಿಟ್ಟರು. ಉಳಿದ ತುಂಡನ್ನು ಬಾಯಿಗಿಟ್ಟು, ಎಳ್ಳು ಸಕ್ಕರೆಗಳ ಆ ಸಿಹಿಯಲ್ಲಿ, ಎಲ್ಲಾದರೂ ಒಂದು ಹನಿ ತೆಂಗಿನೆಣ್ಣೆ ಸಿಕ್ಕೀತೇ ಎಂದು ಬಹಳ ಹೊತ್ತು ಜಗಿಯುತ್ತ ಕುಳಿತರು.