ಹೊಸ ಮೊಣಕಾಲನ್ನು ನೋಡಲು ಬಂದವರು

ವೈದ್ಯಶಾಸ್ತ್ರ ಎಷ್ಟೇ ಮುಂದುವರಿದರೂ ನಮ್ಮ ಕಡೆ ಅದು ಬಂದು ಮುಗ್ಗರಿಸುವ ಜಾಗ ಒಂದೇ: ರೋಗಿಯನ್ನು ನೋಡಲು ಬರುವವರ ಕಾಲಡಿ. ವಾರಕ್ಕೊಂದಾದರೂ ಇಂಥದ್ದು ಆಗದೆ ಇರುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಮೂಡಿಗೆರೆಯಲ್ಲಿ ಸಣ್ಣ ಕ್ಲಿನಿಕ್ ಇದೆ, ಉಳಿದ ಹೊತ್ತು ಸ್ಕೂಟರ್ ಮೇಲೆ ಮನೆಮನೆ ತಿರುಗಾಟ. ಜನ ನನಗೆ ಇಟ್ಟಿರುವ ಹೆಸರು ‘ಎಕ್ಸರ್‌ಸೈಜ್ ಮೇಡಂ’. ನಮ್ಮಲ್ಲಿ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ ಕಳಸದಿಂದ ಚಿಕ್ಕಮಗಳೂರಿನವರೆಗಿನ ನೆಂಟರಿಷ್ಟರೆಲ್ಲ ನೋಡಲು ಬರಲೇಬೇಕು. ಬಂದವರಿಗೆ ನೋಡಲು ಏನಾದರೂ ಇರಲೂಬೇಕು. ಹೊಸ ಚಿಕಿತ್ಸೆಗಳ ದೊಡ್ಡ ದೋಷವೆಂದರೆ ಅವು ನೋಡಲು ಏನನ್ನೂ ಉಳಿಸುವುದಿಲ್ಲ.

ಹೋದ ವರ್ಷ ಇದೇ ಕಾರಣಕ್ಕೆ ಒಬ್ಬ ಅಮ್ಮನವರ ಮೊಣಕಾಲು ಕೆಟ್ಟೇಹೋಗುವುದರಲ್ಲಿತ್ತು. ಕಳಸದ ದಾರಿಯಲ್ಲಿ ಅವರದೊಂದು ಸಣ್ಣ ಕಾಫಿ ತೋಟ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ನೋಡಿಕೊಂಡು ಬಂದವರು. ಆ ಸಲದ ಕೊಯ್ಲಿಗೆ ಇಳಿಜಾರು ಇಳಿದು ಎದುರು ನಿಂತು ಹಣ್ಣು ಕೊಯ್ಯಿಸಬೇಕು ಎಂಬ ಒಂದೇ ಆಸೆಗೆ, ಮಳೆಗಾಲ ಮುಗಿಯುತ್ತಲೇ ಮೊಣಕಾಲು ಬದಲಾಯಿಸಿಕೊಂಡಿದ್ದರು. ಅವರ ಕಥೆಗೆ ಬರುವ ಮುಂಚೆ, ನಾನು ಎಂಥವರ ನಡುವೆ ಕೆಲಸ ಮಾಡುತ್ತೇನೆ ಎನ್ನುವುದು ನಿಮಗೆ ಗೊತ್ತಾಗಲಿ.

ಮೂರು ಪಟ್ಟಿ

ವಸ್ತಾರೆ ಹತ್ತಿರದ ಒಬ್ಬ ಪ್ಲಾಂಟರ್ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಮಾಡಿಸಿಕೊಂಡಿದ್ದರು. ಈಗ ಅದಕ್ಕೆ ಹೊಟ್ಟೆ ಕೊಯ್ಯುವುದಿಲ್ಲ. ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆದು ಬೇಗ ಮನೆಗೆ ಕಳಿಸುತ್ತಾರೆ. ಉಸಿರಾಟದ ವ್ಯಾಯಾಮ ಹೇಳಿಕೊಡಲು ನಾನು ಹೋದಾಗ ಈ ಮನುಷ್ಯ ಕಣದಲ್ಲಿ ನಿಂತು ಆಳುಗಳ ಮೇಲೆ ಕೂಗಾಡುತ್ತಿದ್ದರು. ನನಗೆ ಖುಷಿಯಾಯಿತು.

ಅದೇ ಹೊತ್ತಿಗೆ ಚಿಕ್ಕಮಗಳೂರಿನಿಂದ ಅವರ ಭಾವಮೈದುನ ಸಂಸಾರಸಮೇತ ಕಾರಿನಲ್ಲಿ ಬಂದಿಳಿದರು. ಇವರು ಅಂಗಿ ಎತ್ತಿ ಹೊಟ್ಟೆ ಮೇಲಿನ ಮೂರು ಸಣ್ಣ ಪಟ್ಟಿ ತೋರಿಸಿದರು. ಬಂದವರ ಮುಖ ಸಪ್ಪಗಾಯಿತು. “ಇಷ್ಟೇನಾ ಭಾವ?” ಅಂದವರು ಕಾಫಿಯನ್ನೂ ಅರ್ಧ ಬಿಟ್ಟು ಎದ್ದುಹೋದರು.

ಮಾರನೇ ದಿನ ಪ್ಲಾಂಟರ್ ಫೋನ್ ಮಾಡಿ, ಬಂದು ಹೊಟ್ಟೆ ಸುತ್ತ ದಪ್ಪನೆಯ ಬ್ಯಾಂಡೇಜ್ ಕಟ್ಟಿಕೊಡಿ ಎಂದರು. ತೂತು ಸಣ್ಣದಾದಷ್ಟೂ ನೋವು ಕಡಿಮೆ, ಗಾಯ ಬೇಗ ಒಣಗುತ್ತದೆ ಎಂದೆಲ್ಲ ಗಂಟಲು ಒಣಗುವವರೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೋವು ಕಮ್ಮಿ ಅಂತ ನಂಗೆ ಗೊತ್ತು ಮೇಡಂ. ಆದ್ರೆ ಅವ್ರು ಅಷ್ಟು ದೂರದಿಂದ ಬಂದಿದ್ರಲ್ಲ.”

ನಾನು ಕಟ್ಟಲಿಲ್ಲ. ಮುಂದಿನ ಸಲ ಹೋದಾಗ ಅವರೇ ಬೆಡ್‌ಶೀಟ್ ಹರಿದು ಸೊಂಟದಿಂದ ಎದೆವರೆಗೆ ಸುತ್ತಿಕೊಂಡು ಮಲಗಿದ್ದರು. ಮೇಲೆ ಒಂಚೂರು ಟಿಂಚರ್ ಕೂಡ ಸುರಿದುಕೊಂಡಿದ್ದರು, ವಾಸನೆಗೆ.

ಹಳೇ ಪಾರ್ಟ್

ಮೂಡಿಗೆರೆಯಲ್ಲಿ ನನ್ನ ಸ್ಕೂಟರ್ ರಿಪೇರಿ ಮಾಡುವ ಗ್ಯಾರೇಜ್ ಭಾಯಿಗೆ ಎದೆನೋವು ಬಂದು, ಮಂಗಳೂರಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದರು. ಮಣಿಕಟ್ಟಿನ ರಕ್ತನಾಳದಿಂದ ತೆಳ್ಳಗಿನ ತಂತಿ ತೂರಿಸಿ, ಹೃದಯದ ಹತ್ತಿರ ಕಟ್ಟಿಕೊಂಡ ಜಾಗವನ್ನು ಒಳಗಿಂದಲೇ ಬಿಡಿಸಿ, ಅಲ್ಲೊಂದು ಸಣ್ಣ ಜಾಲರಿ ಕೂರಿಸುವ ಚಿಕಿತ್ಸೆ ಅದು. ಭಾಯಿ ಮನೆಗೆ ಬಂದಾಗ ಮಣಿಕಟ್ಟಿನಲ್ಲಿ ಒಂದು ಚುಕ್ಕೆ ಬಿಟ್ಟರೆ ಬೇರೆ ಗುರುತಿರಲಿಲ್ಲ.

ನೋಡಲು ಬಂದ ಅವರ ಆಪಾ ತಮ್ಮನ ಎದೆ ನೋಡಿದರು, ಬೆನ್ನು ತಿರುಗಿಸಿ ನೋಡಿದರು. ಎದೆ ಕೊಯ್ಯದೆ ಹೃದಯ ಹೇಗೆ ಸರಿಮಾಡುತ್ತಾರೆ, ನಿನಗೆ ಯಾರೋ ಮೋಸ ಮಾಡಿದ್ದಾರೆ ಎಂದು ಅತ್ತರು. ನಿಧಾನಕ್ಕೆ ನಡೆಯುವ ಅಭ್ಯಾಸ ಮಾಡಿಸಲು ಹೋದ ನಾನು ಹಾಳೆಯ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದೆ. ಆಪಾ ಒಪ್ಪಲಿಲ್ಲ. ಮೆಕ್ಯಾನಿಕ್ ಅಲ್ಲವೇ, ಇವರಿಗಾದರೂ ಅರ್ಥವಾಗುತ್ತದೆ ಎಂದು ಭಾಯಿಯ ಕಡೆ ತಿರುಗಿದೆ.

ಅವರೂ ಯೋಚನೆಯಲ್ಲೇ ಇದ್ದರು. “ಬಾನೆಟ್ ಎತ್ತದೆ ಇಂಜಿನ್ ಸರಿ ಮಾಡ್ದೆ ಅಂದ್ರೆ ನನ್ನ ಗಿರಾಕಿಗಳು ಬಿಡ್ತಾರಾ ಮೇಡಂ? ನಾನೂ ಡಾಕ್ಟ್ರನ್ನ ಕೇಳ್ದೆ, ಹೊಸದು ಹಾಕಿದ್ದು ಸರಿ, ಹಳೇ ಪಾರ್ಟ್ ಎಲ್ಲಿ ಅಂತ. ನಕ್ಕುಬಿಟ್ರು. ಅಲ್ಲೇ ನಂಗೆ ಡೌಟ್ ಬಂದಿದ್ದು.”

ಹಾರ್ನ್

ಈಗ ಅಮ್ಮನವರ ಮೊಣಕಾಲಿಗೆ ಬರುತ್ತೇನೆ.

ಸವೆದ ಮೂಳೆಯ ತುದಿಗೆ ಲೋಹದ ಟೊಪ್ಪಿಗೆ ತೊಡಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಮಾರನೇ ದಿನವೇ ನಿಲ್ಲಿಸಿ ನಡೆಸುತ್ತಾರೆ. ಮೂರು ತಿಂಗಳು ಹಾಸಿಗೆ ಹಿಡಿಯುವ ಕಾಲ ಹೋಯಿತು. ಆದರೆ ಮೊದಲ ಕೆಲವು ವಾರ ದಿನಾ ಬಗ್ಗಿಸಲೇಬೇಕು. ಕಾಲಡಿ ದಿಂಬಿಟ್ಟು ಮಲಗಿಬಿಟ್ಟರೆ ಒಳಗೆ ಬಿಗಿದುಕೊಂಡು ಕಾಲು ಕೋಲಿನಂತಾಗುತ್ತದೆ. ಆಮೇಲೆ ಇಳಿಜಾರೂ ಇಲ್ಲ, ಕೊಯ್ಲೂ ಇಲ್ಲ. ಇದನ್ನು ಆಸ್ಪತ್ರೆಯಲ್ಲೇ ಹೇಳಿದ್ದೆ. ಅಮ್ಮ ತಲೆಯಾಡಿಸಿದ್ದರು.

ಮನೆಗೆ ಬಂದದ್ದೇ ಜೀಪುಗಳ ಮೇಲೆ ಜೀಪು. ನಾನು ವಾಕರ್ ಕೊಟ್ಟು ಎಬ್ಬಿಸುವುದು, ಗೇಟಿನ ಹತ್ತಿರ ಸದ್ದಾಗುವುದು, ಅಮ್ಮ ಹೋಗಿ ಕಂಬಳಿ ಹೊದ್ದು, ದಿಂಬಿನ ಮೇಲೆ ಕಾಲಿಟ್ಟು ನರಳಲು ಶುರುಮಾಡುವುದು. ಕೇಳಿದರೆ, “ಪಾಪ, ನೋಡೋಕೆ ಅಂತ ಬಂದವ್ರ ಎದುರು ನಾನು ಓಡಾಡ್ಕೊಂಡಿದ್ರೆ ಅವ್ರಿಗೆ ಅವಮಾನ ಅಲ್ವಾ ಮೇಡಂ?” ಎನ್ನುತ್ತಿದ್ದರು. ಬಂದವರೋ, ಹಸಿ ಗಾಯದವರನ್ನು ನಡೆಸುವ ರಾಕ್ಷಸಿ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಎರಡು ವಾರದಲ್ಲಿ ಮೊಣಕಾಲು ಮುಂಚೆ ಬಗ್ಗುತ್ತಿದ್ದಷ್ಟೂ ಬಗ್ಗದಾಯಿತು. ನನಗೆ ಅಳು ಬರುವಷ್ಟು ಸಿಟ್ಟು.

ಒಂದು ವಿಷಯ ಮಾತ್ರ ಗಮನಿಸಿದ್ದೆ. ಜೀಪಿನ ಸದ್ದು ಕೇಳಿ ಹಾಸಿಗೆಗೆ ಹೋಗುವಾಗ ಅಮ್ಮನ ನಡಿಗೆ ಬಹಳ ಚೆನ್ನಾಗಿರುತ್ತಿತ್ತು. ಸರಿ, ಅವರ ಮಗನನ್ನು ಗೇಟಿಗೆ ಕಳಿಸಿ ಆಗಾಗ ಜೀಪಿನ ಹಾರ್ನ್ ಹೊಡೆಯಲು ಹೇಳಿದೆ. ಅಮ್ಮನನ್ನು ಹೊರಗೆ ಕರೆತರುವುದು, ಹಾರ್ನ್, ಅಮ್ಮ ಹಾಸಿಗೆಗೆ. ಮತ್ತೆ ಕರೆತರುವುದು, ಮತ್ತೆ ಹಾರ್ನ್. ಆ ಬೆಳಿಗ್ಗೆ ಅಮ್ಮ ನಡೆದಷ್ಟು ಅಷ್ಟೂ ದಿನ ನಡೆದಿರಲಿಲ್ಲ.

ಎದುರು ಗುಡ್ಡದ ಮನೆಗಳವರಿಗೂ ಹಾರ್ನ್ ಕೇಳಿಸಿತು. ಇಷ್ಟು ಜನ ಬರುತ್ತಿದ್ದಾರೆಂದರೆ ಅಮ್ಮನಿಗೆ ಸೀರಿಯಸ್ಸೇ ಇರಬೇಕು ಎಂದುಕೊಂಡು, ಮಧ್ಯಾಹ್ನದ ಹೊತ್ತಿಗೆ ಎರಡು ಜೀಪು ತುಂಬಾ ಬಂದರು.

ಬಿಸಿ ಇದೆ

ನಡೆದರೆ ಸಾಲದು, ಬಗ್ಗಬೇಕು. ಅಡುಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಅದನ್ನು ಇಳಿಸಲು ನಾನು ಕೈಮುಗಿದು ಬೇಡಿಕೊಂಡಿದ್ದೆ, ಗದರಿದ್ದೆ. ಅಮ್ಮ ಮೆಟ್ಟಿಲ ಹತ್ತಿರ ಬಂದು ನಿಂತು, ನಾಳೆ ನೋಡುವ ಎನ್ನುತ್ತಿದ್ದರು.

ಅಂಥ ಒಂದು ದಿನ ಬಾಬಾಬುಡನ್‌ಗಿರಿ ಕಡೆಯಿಂದ ಅವರ ಓರಗಿತ್ತಿ ಒಂದು ಜೀಪು ಜನರ ಜೊತೆ ಬಂದರು. ದೊಡ್ಡ ಎಸ್ಟೇಟಿನವರು, ಮಾತು ಕಡಿಮೆ. ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ಮನೆಯಲ್ಲಿ ಹುರಿದ ಪುಡಿ ಮುಗಿದಿತ್ತು. ಸೊಸೆ ಪಾಪ ಏನು ಮಾಡಿಯಾಳು, ಬಸ್‌ಸ್ಟ್ಯಾಂಡ್ ಅಂಗಡಿಯಿಂದ ಇನ್‌ಸ್ಟಂಟ್ ಪುಡಿಯ ಬಾಟ್ಲಿ ತರಿಸಿ ಅದನ್ನೇ ಕಲಸಿ ತಂದಿಟ್ಟಳು.

ಓರಗಿತ್ತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಪರವಾಗಿಲ್ಲ, ಬಿಸಿ ಇದೆ” ಎಂದರು.

ಅಮ್ಮ ಕಂಬಳಿ ಕಿತ್ತೆಸೆದರು. ವಾಕರ್ ಅಲ್ಲೇ ಉಳಿಯಿತು. ಕಾಫಿ ಬೆಳೆಯುವವರ ಮನೆಯಲ್ಲಿ ಅಂಗಡಿ ಪುಡಿಯಾ ಎಂದು ಸೊಸೆಯನ್ನು ಬೈಯುತ್ತ, ಬರೀ ಗೋಡೆ ಹಿಡಿದುಕೊಂಡು, ಮೊಣಕಾಲು ಬಗ್ಗಿಸಿ ಎರಡು ಮೆಟ್ಟಿಲೂ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಬೀಜ ಹುರಿಯುವ ಘಮ ಬಂತು. ನಾನು ಹಿಂದೆ ಹಿಂದೆಯೇ ಓಡಿ ಕಾಲು ಅಳೆದರೆ, ಬೇಕಾದಷ್ಟು ಬಗ್ಗುತ್ತಿತ್ತು.

ಬಂದವರೆಲ್ಲ ಬಾಯಿಬಿಟ್ಟು ನೋಡಿದರು. ಇದೇ ಸಮಯವೆಂದು ನಾನು ದೊಡ್ಡ ಭಾಷಣ ಮಾಡಿದೆ. ಆಪರೇಷನ್ ಅರ್ಧ ಕೆಲಸ, ಉಳಿದರ್ಧ ಓಡಾಟ, ನೋಡಿದಿರಲ್ಲ ಎಂದೆ. ಎಲ್ಲರೂ ಹೌದು ಹೌದು ಎಂದರು.

ಮುಂದಿನ ವಾರ ಮೂಡಿಗೆರೆಯಲ್ಲಿ ಮೊಣಕಾಲು ಬದಲಾಯಿಸಿಕೊಂಡ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಗೆ ಹೋದರೆ, ಹಾಸಿಗೆ ಪಕ್ಕ ಮಾತ್ರೆಗಳ ಜೊತೆ ಅದೇ ಇನ್‌ಸ್ಟಂಟ್ ಕಾಫಿ ಬಾಟ್ಲಿ. ಕಳಸದ ಕಡೆಯವರೊಬ್ಬರಿಗೆ ಒಂದೇ ಗುಟುಕಿಗೆ ಕಾಲು ಬಂತಂತೆ. ವ್ಯಾಯಾಮ ಮಾಡಿದಿರಾ ಎಂದು ಕೇಳಿದೆ.

“ಬಾಟ್ಲಿ ಮುಗೀಲಿ ಮೇಡಂ, ಆಮೇಲೆ ಬಗ್ಗಿಸಿ ನೋಡುವ” ಎಂದರು.

ಕೊಯ್ಲು

ಕೊಯ್ಲು ಜೋರಾಗಿದ್ದಾಗ ಕಳಸಕ್ಕೆ ಹೋಗುವುದಿತ್ತು. ಅಮ್ಮನ ಚಿಕಿತ್ಸೆ ಮುಗಿದಿತ್ತು, ಆದರೂ ಮನಸ್ಸು ತಡೆಯದೆ ಒಂದಿಷ್ಟು ಕಿತ್ತಳೆ ಹಿಡಿದುಕೊಂಡು ದಾರಿಯಲ್ಲಿ ಅವರ ಮನೆ ಹತ್ತಿರ ಇಳಿದೆ. ಅಮ್ಮ ತೋಟದಲ್ಲಿದ್ದಾರೆ ಎಂದ ಮಗ. ಅಂಗಳದ ಅಂಚಿಗೆ ಹೋಗಿ ನೋಡಿದರೆ, ಕೆಳಗೆ ಇಳಿಜಾರಿನಲ್ಲಿ ಅಮ್ಮ ಕೋಲು ಹಿಡಿದು ನಿಂತು, ಗಿಡದಲ್ಲಿ ಹಣ್ಣು ಬಿಟ್ಟುಹೋದವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಮೇಲಕ್ಕೆ ಹತ್ತಿ ಬಂದರು. ಹೊಸ ಮೊಣಕಾಲು ಹೆಜ್ಜೆ ಹೆಜ್ಜೆಗೂ ಚೆಂದ ಬಗ್ಗುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಅಷ್ಟೂ ಜೀಪುಗಳ ಎದುರು ನಾನೇ ಗೆದ್ದೆ ಎಂದುಕೊಂಡೆ.

ಅಮ್ಮ ನನ್ನನ್ನು ನೋಡಿದರು. ಕೈಯಲ್ಲಿದ್ದ ಚೀಲವನ್ನೂ ನೋಡಿದರು.

“ಕೆಲಸದ ಮೇಲೆ ಬಂದ್ರಾ ಮೇಡಂ, ಇಲ್ಲಾ ನನ್ನ ನೋಡೋಕೆ ಬಂದ್ರಾ?”

“ನಿಮ್ಮನ್ನ ನೋಡೋಕೇ ಬಂದೆ ಅಮ್ಮ.”

ಅಮ್ಮ ಕೋಲನ್ನು ಮಗನ ಕೈಗೆ ಕೊಟ್ಟು ಸರಸರನೆ ಒಳಗೆ ಹೋದರು. ಹಿಂದೆಯೇ ಹೋದರೆ, ಕತ್ತಿನವರೆಗೆ ಕಂಬಳಿ ಹೊದ್ದು, ದಿಂಬಿನ ಮೇಲೆ ಕಾಲಿಟ್ಟು ಮಲಗಿಬಿಟ್ಟಿದ್ದರು. “ಬನ್ನಿ ಮೇಡಂ, ಕೂತ್ಕೊಳ್ಳಿ,” ಎಂದರು ಕ್ಷೀಣವಾಗಿ. “ಏನೋ, ಹೀಗಿದೀನಿ ನೋಡಿ.”

ನಾನು ಕಿತ್ತಳೆ ಚೀಲ ಪಕ್ಕದಲ್ಲಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಕೈ ಹಿಡಿದುಕೊಂಡು, “ತುಂಬಾ ಇಳಿದುಹೋಗಿದೀರಿ ಅಮ್ಮ” ಎಂದೆ.